ಸೋಪಿನಲ್ಲಿ ಬೋಲ್ಟಿನ ತಲೆ

ಮಾರ್ಚ್ ೧೪, ಶನಿವಾರ

ಅಂತೂ ರೋಲರಿನ ಬೋಲ್ಟು ಬಿಚ್ಚಿತು. ಇಪ್ಪತ್ತು ವರ್ಷ ರಸ್ತೆ ರೋಲರ್ ಓಡಿಸಿದವನು ನಾನು, ಸ್ಪ್ಯಾನರ್ ತರಲು ಬೋಲ್ಟಿನ ದಪ್ಪ ಅಳೆದುಕೊಂಡು ಹೋಗಿದ್ದೆ. ಅಳೆಯಬೇಕಾದದ್ದು ಅದರ ತಲೆಯನ್ನು, ತಂದದ್ದು ಚಿಕ್ಕದಾಯಿತು. ಎರಡನೇ ಸಲ ಅಂದಾಜಿನ ಮೇಲೆ ತಂದದ್ದು ದೊಡ್ಡದಾಗಿ, ಜಾರಿ, ಬೆರಳಿನ ಗೆಣ್ಣು ಸುಲಿಯಿತು. ಮೂರನೆಯದೂ ತಪ್ಪಿದ್ದರೆ ಸೋಮವಾರದ ಕೆಲಸ ಕೈತಪ್ಪುತ್ತಿತ್ತು.

ನನ್ನ ಅಳತೆಯ ಮೇಲೆ ಹೆಂಡತಿಗೆ ನಂಬಿಕೆ ಹೋಗಿತ್ತು. ಬೆಳಿಗ್ಗೆ ಬಚ್ಚಲಿನಿಂದ ನೆನೆದ ಸೋಪು ತಂದು ಬೋಲ್ಟಿನ ತಲೆಗೆ ಒತ್ತಿದಳು. ಆರು ಮೂಲೆಯೂ ಚೆನ್ನಾಗಿ ಮೂಡಿದವು. ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಗುಜರಿ ಅಂಗಡಿಗೆ ಹೋದೆವು. ಅಷ್ಟು ದೊಡ್ಡ ಸ್ಪ್ಯಾನರ್ ಹೊಸದು ಕೊಳ್ಳುವುದು ನಮ್ಮ ಕೈಲಾಗದ ಮಾತು. ಬಣ್ಣ ಬಳಿದು ಮಿರುಗುತ್ತಿದ್ದ ಒಂದಕ್ಕೆ ಕೈ ಹಾಕಿದೆ.

"ರೀ, ಅದರ ಬಾಯಿ ಸವೆದು ಅಗಲ ಆಗಿದೆ. ಸೋಪಿನ ಮೇಲೆ ಇಟ್ಟು ನೋಡಿ."

ನಿಜವೇ. ತುಕ್ಕು ಹಿಡಿದ ಇನ್ನೊಂದು, ಅರ್ಧಕ್ಕರ್ಧ ಅಗ್ಗದ್ದು, ಅಚ್ಚಿನ ಗೆರೆಗೆ ಗೆರೆ ಕೂತಿತು.

"ಅಕ್ಕಾ, ಸ್ನಾನ ಮಾಡಿಸಿ ಕರ್ಕೊಂಡು ಹೋಗ್ತೀರಾ ಇದನ್ನ?" ಎಂದು ಅಂಗಡಿಯವನು ನಕ್ಕ.

ಮನೆಗೆ ಬಂದು, ಹಿಡಿಗೆ ಉದ್ದನೆಯ ಪೈಪು ತೊಡಿಸಿ ಇಬ್ಬರೂ ಜೋತುಬಿದ್ದೆವು. ಕಿರ್ರೆಂದು ತಿರುಗಿತು.

"ಆ ಎರಡು ಸ್ಪ್ಯಾನರಿಗೆ ಸರಿಹೋಗೋ ಗಾಡಿ ಯಾವಾಗ ತರ್ತೀರಿ?" ಎಂದಳು. ನಗು ತಡೆಯಲಾಗಲಿಲ್ಲ.

ಸ್ನಾನಕ್ಕೆ ಹೋದರೆ ಅಲ್ಲಿದ್ದದ್ದು ಅದೇ ಸೋಪು. ಉಜ್ಜಿದರೆ ಅಚ್ಚು ಅಳಿಸಿಹೋಗುತ್ತದಲ್ಲ ಎನಿಸಿ ಬರೀ ನೀರು ಸುರಿದುಕೊಂಡು ಬಂದೆ. ಈಗ ಪಕ್ಕದಲ್ಲಿ ಮಲಗಿದವಳು ಮೂಗು ಮುಚ್ಚಿಕೊಂಡು, "ಗ್ರೀಸ್ ವಾಸನೆ ರೀ, ಸೋಪು ಖಾಲಿ ಆಯ್ತಾ?" ಅನ್ನುತ್ತಿದ್ದಾಳೆ.