ದನಿ ಕೊಡುವ ಕಲಾಯಿ

ಕಲ್ಯಾಣ
೮ ಅಕ್ಟೋಬರ್ ೧೯೪೪

ಚಿರಂಜೀವಿ ಕಾಶಿರಾಮನಿಗೆ,

ಅಣ್ಣ ತುಳಜಾರಾಮನ ಆಶೀರ್ವಾದ. ನೀನು ಹುಮನಾಬಾದಿಗೆ ಹೋಗಿ ಒಂಬತ್ತು ತಿಂಗಳಾಯಿತು. ಎರಡು ಕಾಗದ ಬರೆದೆ, ಒಂದಕ್ಕೂ ನಾನು ಉತ್ತರಿಸಲಿಲ್ಲ. ಸೋಮಾರಿ ಎಂದು ಬೈದುಕೊಂಡೇ ಮುಂದೆ ಓದು, ಬೇಸರವಿಲ್ಲ.

ಇಲ್ಲಿ ಎಲ್ಲರೂ ಆರಾಮ. ನಿನ್ನ ಅತ್ತಿಗೆ ಶೇವಂತಾಬಾಯಿ ಮಾತ್ರ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ರೊಟ್ಟಿ ಬಡಿಸುವಾಗ "ಕಾಶಿ ಅಲ್ಲಿ ಏನ್ ಉಣ್ಣಾಕತ್ತಾನೋ ಏನೋ" ಎಂದು ಗೋಡೆಗೆ ಹೇಳುತ್ತಾಳೆ. ಗುಜರಿ ಸೈಫುದ್ದೀನ್ ಸಾಹೇಬರೂ ಬಂದಾಗಲೆಲ್ಲ "ಛೋಟೆ ಉಸ್ತಾದ್ ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಾರೆ. ನನ್ನನ್ನು ಅವರು ಎಂದೂ ಉಸ್ತಾದ್ ಎಂದಿಲ್ಲ.

ಯುದ್ಧದಿಂದಾಗಿ ತಾಮ್ರ ಸಿಗದೆ ನಮ್ಮ ಗಂಟೆ ಎರಕ ನಿಂತಾಗ, ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದ ನೀನೇ ಮನೆ ಉಳಿಸಿದೆ. ತೂತು ಬಿದ್ದ ಜರ್ಮನ್ ಪಾತ್ರೆಗಳ ಅಲ್ಯುಮಿನಿಯಂ ಮೊದಲು, ಹಳೆಯ ಬ್ಯಾಟರಿ ಸೆಲ್ಲುಗಳ ಸತು ಆಮೇಲೆ. ಎರಡನ್ನೂ ಒಂದೇ ಮೂಸೆಯಲ್ಲಿ ಕರಗಿಸಿ ಬಾವಿಯ ರಾಟೆ ಎರೆದೆವು. ಸೆಲ್ಲಿಗೆ ಹತ್ತಿದ ಕಲಾಯಿ ಬೆಸುಗೆಯನ್ನೆಲ್ಲ ಕತ್ತರಿಸಿ ಎಸೆಯುತ್ತ ನೀನು ಹೇಳುತ್ತಿದ್ದೆ: "ಕಲಾಯಿ ತವರ ಇದಕ್ಕ ಕೂಡಂಗಿಲ್ಲಣ್ಣ. ಇವತ್ತ ಚಂದ ಕಾಣತದ, ತೇವ ತಾಕಿದರ ಒಳಗಿಂದ ಒಡೀತದ."

ರಾಜೇಶ್ವರದಲ್ಲಿ ನಮ್ಮ ರಾಟೆ ಹೋಳಾಗಿ, ನೀರು ಸೇದುತ್ತಿದ್ದ ಧೂಳಮ್ಮನ ಕೈ ಮುರಿದಾಗ ಊರೆಲ್ಲ ನಿನ್ನನ್ನೇ ಬೈಯಿತು. ಬೆಸುಗೆ ತೆಗೆಯದೆ ಕರಗಿಸಿದ್ದಾನೆ ಎಂದರು. ನೀನು ಗಂಟು ಕಟ್ಟಿಕೊಂಡು ಊರು ಬಿಟ್ಟೆ.

ನೀನು ಹೋದ ಮೇಲೆ ನಾನು ಎರಡು ರಾಟೆ ಎರೆದೆ. ಒಂದರಲ್ಲಿ ಚಿಟಿಕೆ ಕಲಾಯಿ, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ಬಚ್ಚಲಿನಲ್ಲಿ, ನೀರೊಲೆಯ ಹಬೆ ತಾಗುವಲ್ಲಿ ತೂಗುಹಾಕಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಲಾಯಿ ಇಲ್ಲದ್ದು ಹಾಗೇ ಇತ್ತು. ಇನ್ನೊಂದು ಉಬ್ಬಿ, ಬಿರುಕು ಬಿಟ್ಟು, ಹಳಸಿದ ರೊಟ್ಟಿಯಂತೆ ಬೆರಳಲ್ಲೇ ಪುಡಿಯಾಯಿತು. ನಿನ್ನ ಮಾತು ನಿಜ, ನಿನ್ನ ಕೈ ಚೊಕ್ಕ. ನನಗೆ ತುಂಬ ಸಂಕಟವಾಯಿತು.

ಮನೆಗೆ ಬಾ. ಕುಲುಮೆ ತಣ್ಣಗಿದೆ. ಮಾಣಿಕಪ್ರಭುಗಳು ನಿನ್ನನ್ನು ಚೆನ್ನಾಗಿಡಲಿ, ನಿನ್ನ ಕೈಗೆ ಯಶಸ್ಸು ಕೊಡಲಿ.

ನಿನ್ನ ಅಣ್ಣ
ತುಳಜಾರಾಮ

ತಾ.ಕ.: ಅಪ್ಪ ಗಂಟೆ ಎರೆಯುವಾಗ, ನಾದ ಚೆನ್ನಾಗಿ ಬರಲೆಂದು ಕೊನೆಗೆ ಮೂಸೆಗೆ ಕಲಾಯಿ ಬಿಡುತ್ತಿದ್ದರಲ್ಲ, ಅದಕ್ಕೆ ನಮ್ಮ ಮನೆಯಲ್ಲಿ 'ಹಾಕುವುದು' ಎನ್ನುವುದಿಲ್ಲ, 'ದನಿ ಕೊಡುವುದು' ಎನ್ನುತ್ತೇವೆ. ರಾಟೆ ಎರೆಯುವಾಗಲೂ, ನೀನು ಅಚ್ಚಿನ ಕಡೆ ತಿರುಗಿದಾಗಲೆಲ್ಲ ನಾನು ದನಿ ಕೊಡುತ್ತಿದ್ದೆ. ಅಪ್ಪನ ಪದ್ಧತಿ ಬಿಡಲು ಮನಸ್ಸಾಗಲಿಲ್ಲ. ಅಂದು ಜನರ ಮುಂದೆ ನೀನು ಕೇಳಿದೆ: "ಅಣ್ಣ, ಮೂಸ್ಯಾಗ ನೀ ಏನಾರ ಹಾಕೀದಿಯೇನು?" ನಾನು "ಏನೂ ಹಾಕಿಲ್ಲ" ಎಂದೆ. ಅದು ಸುಳ್ಳಲ್ಲ ಎಂದು ಒಂಬತ್ತು ತಿಂಗಳು ನನಗೆ ನಾನೇ ಹೇಳಿಕೊಂಡೆ. ನಾಳೆ ರಾಜೇಶ್ವರಕ್ಕೆ ಹೋಗಿ ಧೂಳಮ್ಮನ ಮುಂದೆ, ಊರಿನ ಮುಂದೆ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕು. ಹಾಕಿದೆ, ಕಾಶಿ. ನಾನೇ ಹಾಕಿದೆ.