ಈ ಸಲ ಎಲ್ಲಿ ಕೂರುವುದು?

ಪೈಕ್ ಲೇಕ್, ವಿಸ್ಕಾನ್ಸಿನ್
೨೭ ನವೆಂಬರ್ ೧೯೯೪

ಪ್ರೀತಿಯ ತಮ್ಮ ರಸ್‌ಗೆ,

ಅಲಾಸ್ಕಾದ ಮೀನುದೋಣಿಯಲ್ಲಿ ಚೆನ್ನಾಗಿದ್ದೀಯಾ? ಆಗಸ್ಟಿನಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೆಳಗಾದರೆ ಶಾಲೆಯ ಬಸ್ಸು ಓಡಿಸಬೇಕು, ಸಂಜೆ ಅಪ್ಪನ ಮನೆಗೆ ಹೋಗಿ ಅಡುಗೆ ಮಾಡಿಟ್ಟು ಬರಬೇಕು, ದಿನ ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. ಅಲ್ಲದೆ ಮಹಾಶಯ ನೀನು ತಾನೇ ಎಷ್ಟು ಬರೆಯುತ್ತೀಯ!

ಮೊದಲು ಸುದ್ದಿ ಕೇಳು. ಅಪ್ಪ ಒಂದು ಗಂಡು ಜಿಂಕೆ ಹೊಡೆದ. ಕೊಂಬು ಎಂಟು ಕವಲಿನದು! ಅವನ ಬಲಮಂಡಿ ಪೂರ್ತಿ ಸವೆದಿದೆ, ಜನವರಿಯಲ್ಲಿ ಆಪರೇಷನ್. ಆಮೇಲೆ ಜೌಗು ದಾಟುವ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಅಂದರೆ ಕೌಂಟಿಯ ಕಾಡಿನಲ್ಲಿ ಅಪ್ಪ, ನಾನು ಇಬ್ಬರೂ ಒಟ್ಟಿಗೆ ಬೇಟೆಗೆ ಕೂರುವುದು ಇದೇ ಕೊನೆ. ಎಲ್ಲಿ ಕೂರಬೇಕು ಎನ್ನುವುದು ಈ ಸಲ ನನಗೆ ಸಣ್ಣ ವಿಷಯವಾಗಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ನಿನ್ನ ಮರ ಬೇಕಿತ್ತು, ಆ ದೊಡ್ಡ ಹೆಮ್ಲಾಕ್. ಅಕ್ಟೋಬರಿನಲ್ಲಿ ಹೋಗಿ ನೋಡಿ ಬಂದಿದ್ದೆ. ಸುತ್ತಲಿನ ಎಳೆಮರಗಳಿಗೆಲ್ಲ ಗಂಡು ಜಿಂಕೆ ಕೊಂಬು ತಿಕ್ಕಿ ತೊಗಟೆ ಸುಲಿದಿತ್ತು, ಗೊರಸಿನಿಂದ ನೆಲ ಕೆರೆದಿತ್ತು. ಅಪ್ಪನ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೇಳಿಯೇಬಿಟ್ಟೆ.

"ಅಪ್ಪಾ, ಈ ಸಲ ರಸ್ ಮರದ ಕೆಳಗೆ ನಾನು ಕೂರ್ಲಾ?"

"ಅದು ರಸ್‌ದು ಕಣೇ. ಅವನು ಬಂದ್ರೆ?"

"ಬಂದು ಒಂಬತ್ತು ವರ್ಷ ಆಯ್ತಲ್ಲಪ್ಪ."

"ಹತ್ತನೇ ವರ್ಷ ಬರಬಾರದು ಅಂತ ಕಾನೂನಿದೆಯಾ?"

ಕಾಡು ಊರವರೆಲ್ಲರದು, ಯಾರು ಎಲ್ಲಿ ಬೇಕಾದರೂ ಕೂರಬಹುದು. ಆದರೂ ಒಬ್ಬರು ಕೂರುವ ಜಾಗದಲ್ಲಿ ಇನ್ನೊಬ್ಬರು ಕೂರಬಾರದು ಎನ್ನುವುದು ನಮ್ಮವರ ಮರ್ಯಾದೆ. ಅಪ್ಪ ಅದನ್ನು ಯಾವತ್ತೂ ಮೀರಿದವನಲ್ಲ. ನಾನು ನಕ್ಷೆ ಮಡಿಸಲು ಹೊರಟದ್ದು ನೋಡಿ ಅವನಿಗೂ ಕಸಿವಿಸಿಯಾಯಿತೇನೋ, ಪೆನ್ಸಿಲ್ಲನ್ನು ನನ್ನ ಕಡೆ ತಳ್ಳಿ, "ಹಾಗಾದ್ರೆ ನೀನೇ ಹೇಳು, ಎಲ್ಲಿ ಕೂರೋಣ?" ಅಂದ.

ರಸ್, ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. "ಜಿಂಕೆ ಎಲ್ಲಿದೆ ಅಂತ ಎಲ್ಲರೂ ಹುಡುಕ್ತಾರೆ, ನೀನು ಜನ ಎಲ್ಲಿ ಕೂರ್ತಾರೆ ನೋಡು" ಎಂದು ನಮಗೆ ಕಲಿಸಿದವನು ಅವನೇ ತಾನೆ? ಅದನ್ನೇ ಅವನಿಗೆ ಒಪ್ಪಿಸಿದೆ. ಜನ ಎರಡು ರಸ್ತೆಯಿಂದ ಒಳಗೆ ಬರುತ್ತಾರೆ, ಹತ್ತಿರದಲ್ಲೇ ಕೂರುತ್ತಾರೆ. ಬಿಸಿಲೇರುವ ಹೊತ್ತಿಗೆ ಕಾಲು ಮರಗಟ್ಟಿ, ಕಾಫಿ ನೆನಪಾಗಿ, ಎದ್ದು ರಸ್ತೆಯಲ್ಲಿ ಬಿಟ್ಟ ಪಿಕಪ್ ಗಾಡಿಗಳ ಕಡೆ ನಡೆಯುತ್ತಾರೆ. ಆಗ ಜಿಂಕೆಗಳು ಜಾರಿಕೊಳ್ಳುವುದಕ್ಕೆ ಇರುವುದು ಜೌಗಿಗೂ ಬೀವರ್ ಪ್ರಾಣಿಗಳು ಒಡ್ಡು ಕಟ್ಟಿದ ಕೆರೆಗೂ ನಡುವಿನ ಒಣನೆಲದ ಪಟ್ಟಿ ಒಂದೇ. ಅಲ್ಲಿ ಬೆರಳಿಟ್ಟೆ.

ಅಪ್ಪ ನಕ್ಷೆಯ ಮೇಲೆ ಬಗ್ಗಿ ನೋಡಿದ. "ಅಲ್ಲಿವರೆಗೂ ನನ್ನ ಮಂಡಿ ನನ್ನನ್ನ ಬಾಯಿಗೆ ಬಂದ ಹಾಗೆ ಬೈಯುತ್ತೆ," ಅಂದ. "ಬೈಲಿ ಬಿಡು. ಅಲ್ಲೇ ಹೋಗೋಣ."

ಬೇಟೆಯ ಮೊದಲ ದಿನ ಹೋಗುವಾಗ ನಿನ್ನ ಮರದ ಕೆಳಗೆ ಯಾರೋ ಕೂತಿದ್ದ. ಮಿಲ್ವಾಕಿ ನಗರದವನು, ಮೈಮೇಲಿನ ಹೊಸ ಕಿತ್ತಳೆ ಬೇಟೆಕೋಟಿನ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಅಪ್ಪ ನೇರ ಹೋಗಿ, "ಇದು ನನ್ನ ಮಗನ ಜಾಗ ಕಣಪ್ಪ. ಅವನು ದಾರೀಲಿದ್ದಾನೆ," ಅಂದ.

"ಇದು ಎಲ್ಲರ ಕಾಡಲ್ವಾ ಯಜಮಾನ್ರೇ?"

"ಹೌದಪ್ಪ, ಎಲ್ಲರದೂ. ಅದಕ್ಕೇ ಕೇಳ್ತಾ ಇದೀನಿ. ನಂದಾಗಿದ್ರೆ ಕೇಳ್ತಿರಲಿಲ್ಲ, ಹೇಳ್ತಿದ್ದೆ."

ಅವನು ನಕ್ಕು ಎದ್ದ. ಅಪ್ಪ ಹಾಗೇ ಕಳಿಸಿದನೇ? ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, ತಾನು ನಲವತ್ತು ವರ್ಷ ಕೂತ ದಿಮ್ಮಿಯ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ ಬಂದ! ಎಂಥ ಮನುಷ್ಯ ಅನ್ನು! ನನಗೆ ಅಳು ನಗು ಎರಡೂ ಬಂತು.

ಆಮೇಲೆ ಜೌಗು. ನಿಲ್ಲುತ್ತಾ, ಹಲ್ಲು ಕಚ್ಚುತ್ತಾ ದಾಟಿದ, ನನ್ನ ಕೈ ಮಾತ್ರ ಹಿಡಿಯಲಿಲ್ಲ. ಬಿಸಿಲೇರಿತು. ರಸ್ತೆ ಕಡೆಯಿಂದ ಜನ ಕೆಮ್ಮುವುದು, ಗಾಡಿಯ ಬಾಗಿಲು ಬಡಿಯುವುದು ಕೇಳಿತು. ಸ್ವಲ್ಪ ಹೊತ್ತಿಗೆ ಆ ಪಟ್ಟಿಯ ಮೇಲೆ ನಾನು ಅಂದುಕೊಂಡ ಹಾಗೇ ಜಿಂಕೆ ಬಂತು ನೋಡು, ತಲೆ ತಗ್ಗಿಸಿಕೊಂಡು. ಅಪ್ಪ ಅವಸರ ಮಾಡಲಿಲ್ಲ. ಅದು ಪೂರ್ತಿ ಅಡ್ಡ ತಿರುಗುವವರೆಗೂ ಕಾದು ಒಂದೇ ಗುಂಡು ಹಾರಿಸಿದ. ಆಮೇಲೆ ಟೋಪಿ ತೆಗೆದು ಅದರ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತ. ನಾನು ಈ ಜನ್ಮದಲ್ಲಿ ನೋಡಿದವರಲ್ಲಿ ಅವನಂಥವನು ಇನ್ನೊಬ್ಬನಿಲ್ಲ. ಎಳೆದು ತರಲು ಆ ಮಿಲ್ವಾಕಿಯವನೂ ಕೈ ಹಾಕಿದ.

ನಿನ್ನ ಪಾಲಿನ ಜಿಂಕೆಮಾಂಸದ ಸಾಸೇಜು ಕಟ್ಟಿ ಕಳಿಸುತ್ತೇನೆ. ಸಮುದ್ರದ ಮೇಲೆ ಜೋಪಾನ, ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಡಾರ್ಲಾ

ಮ.ವಿ.: ಬರೆಯಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಜಿಂಕೆಯನ್ನು ನೋಂದಾಯಿಸಿ ತೂಗಿಸಲು ಲೆರಾಯ್‌ನ ಬಾರ್‌ಗೆ ಹೋದೆವು. ಎಲ್ಲರೂ ಸುತ್ತುಗಟ್ಟಿದರು. "ಎಲ್ಲಿ ಹೊಡೆದ್ರಿ ಆಲ್ವಿನ್?" ಎಂದು ಲೆರಾಯ್ ಅಪ್ಪನನ್ನು ಕೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಅಪ್ಪ ನನ್ನ ಕಡೆ ತಿರುಗಿದ, ಜಾಗ ಆರಿಸಿದ್ದು ನನ್ನ ಮಗಳು ಎಂದು ಈಗ ಹೇಳುತ್ತಾನೆ ಅಂದುಕೊಂಡೆ. "ರಸ್ ಮರ ಗೊತ್ತಲ್ಲ," ಅಂದ, "ಅಲ್ಲಿಂದ ಅರ್ಧ ಮೈಲಿ ಆಚೆ." ಆ ಕಾಡಿನಲ್ಲಿ ಸತ್ತುಹೋದ ನಮ್ಮ ನಾಯಿಯ ಹೆಸರಿನದೊಂದು ಹಳ್ಳ ಕೂಡ ಇದೆ ಕಣೋ. ಇಷ್ಟು ವರ್ಷ ಪ್ರತಿ ನವೆಂಬರಿನಲ್ಲೂ ಅವನ ಪಕ್ಕ ಕೂತವಳು ನಾನು. ಮರ ಅಕ್ಕನಿಗೆ ಬಿಟ್ಟುಕೊಟ್ಟೆ ಎಂದು ಮಾತ್ರ ಅಪ್ಪನಿಗೆ ಬರೆಯಬೇಡ. ನೀನು ಕೊಟ್ಟರೆ ಅದು ಆಗಲೂ ನಿನ್ನ ಮರವೇ.