ವೀಳ್ಯ ಹಿಡಿಸದ ಬಾಯಿ

ಕೊಳತ್ತೂರು
12-8-1972

ಮೇಚೇರಿಯಲ್ಲಿರುವ ನನ್ನ ಒಡಹುಟ್ಟಿದ ತಂಗಿ ರಾಮಕ್ಕನ ಸಮಕ್ಷಮಕ್ಕೆ ಅಣ್ಣ ಬೈರಪ್ಪನು ಆಶೀರ್ವದಿಸಿ ಅರಿಕೆ ಮಾಡುವುದೇನೆಂದರೆ:

ನನ್ನ ಮಗಳು ಚೆಲ್ಲಮ್ಮನನ್ನು ನಿನ್ನ ಮಗ ದಾಸಪ್ಪನಿಗೆ ಕೇಳಲು ಬಂದ ದಿನ ನೀನು ನನ್ನ ಬಾಯಿಗೆ ಇಡಬಂದ ವೀಳ್ಯ ಚಾಪೆಯ ಮೇಲೆ ಬಿದ್ದದ್ದು ನಿಜ. ಹೆಣ್ಣಿನ ತಂದೆ ಅದನ್ನು ಇಡಿಯಾಗಿ ಬಾಯಿಗೆ ತೆಗೆದುಕೊಂಡರೆ ಮಾತ್ರ ಒಪ್ಪಿಗೆ, ಹರಿದು ತಿಂದರೆ ಸಂಬಂಧ ಹರಿಯುತ್ತದೆ ಎಂಬುದು ನಮ್ಮ ಮನೆತನದ ಕಟ್ಟಳೆ. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. "ಬಾಯ್ ಮುಚ್ಕಂಡೇ ಬ್ಯಾಡ ಅಂದ್ಬುಟ್ಟ ನಮ್ಮಣ್ಣ" ಎಂದು ನೀನು ಉಣ್ಣದೆ ಬಸ್ಸು ಹತ್ತಿದೆ. ಆಡಿ ತಿಂಗಳು ಕಳೆದೊಡನೆ ಬೇರೆ ಹೆಣ್ಣು ನೋಡುವುದಾಗಿ ಈಗ ನಿಮ್ಮೂರ ಪುಟ್ಟಪ್ಪನ ಕೈಲಿ ಹೇಳಿಕಳಿಸಿದ್ದೀಯೆ.

ವಾಸ್ತವಾಂಶವೇನೆಂದರೆ, ಅದಕ್ಕೂ ಮುಂಚಿನಿಂದಲೇ ನನಗೆ ಬಲಗಿವಿಯ ಮುಂದೆ ನೋವಿತ್ತು. ಕಿವಿಯದೆಂದು ನಿನ್ನ ಅತ್ತಿಗೆ ಮುತ್ತಮ್ಮ ಬೆಚ್ಚನೆಯ ಎಣ್ಣೆ ಬಿಟ್ಟಳು. ಹಲ್ಲಿನದೆಂದು ನಾನು ಸಂತೆಯಲ್ಲಿ ಹಲ್ಲು ಕೀಳುವವನ ಮುಂದೆ ಕುಳಿತೆ. ಅವನು ಕಿತ್ತ ದವಡೆಹಲ್ಲನ್ನು ತಿರುಗಿಸಿ ನೋಡಿ, "ಹುಳುಕೇ ಇಲ್ವಲ್ಲಾ ಅಣ್ಣೋ, ಪಕ್ಕದ್ದೂ ಕಿತ್ತು ನೋಡಾನಾ" ಎಂದ. ಎದ್ದುಬಂದೆ. ನೋವು ಹಾಗೆಯೇ ಉಳಿಯಿತು. ಏನೆಂದು ತಿಳಿಯದೆ, ಯಾರನ್ನು ಕೇಳಬೇಕೆಂದೂ ತೋಚದೆ ಸುಮ್ಮನಿದ್ದೆ.

ನೀನು ಹೋದ ಮೇಲೆ ಸೇಲಂನ ವೈದ್ಯರು ಸುಬ್ಬರಾಯನ್ ಅವರನ್ನು ಕಂಡೆ. ಅವರು ಹಲ್ಲನ್ನೂ ಕಿವಿಯನ್ನೂ ನೋಡಿ, ಎರಡೂ ಸರಿಯಾಗಿವೆಯೆಂದರು. ಬಳಿಕ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಯಲು ಹೇಳಿದರು. ಗದ್ದ ಬಲಕ್ಕೆ ವಾಲಿತು. ಅವರು ಒತ್ತಿದ ಕಡೆ ಪ್ರಾಣವೇ ಹೋದಂತಾಯಿತು. ಮೊದಲು ಬಾಯಿ ತೆರೆವಾಗ ಕಟಕ್ಕೆನ್ನುತ್ತಿತ್ತೇ ಎಂದು ಕೇಳಿದರು. ಹೌದೆಂದೆ. ಇದು ದವಡೆಯ ಕೀಲಿನ ಬೇನೆ, ಕೀಲಿನೊಳಗಿನ ಮೆತ್ತೆ ಜಾರಿ ಅಡ್ಡ ನಿಂತಿದೆ, ನೋವು ಅಲ್ಲಿಂದ ಕಿವಿಗೆ ಹರಡುತ್ತದೆ ಎಂದರು. ಬಿಸಿ ಶಾಖ ಕೊಡಬೇಕು, ಮೆತ್ತನೆಯ ಅನ್ನ ಉಣ್ಣಬೇಕು, ಅಡಿಕೆ ಕೂಡದು. ನನಗೋ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಬಾಗಿಲಿಗೆ ಕೀಲು ಬಲ್ಲೆ. ಮಾತಿಗೂ ಕೀಲುಂಟೆಂದು ಅರಿಯೆ.

ಆದಕಾರಣ, ವೀಳ್ಯ ಬಿದ್ದದ್ದು ದೇಹದ ದೋಷದಿಂದಲೇ ಹೊರತು, ಮನಸ್ಸಿನಲ್ಲಿ ಎಳ್ಳಷ್ಟೂ ಆಕ್ಷೇಪಣೆ ಇದ್ದುದರಿಂದಲ್ಲ ಎಂದು ಮನಗಂಡು, ಬೇರೆ ಹೆಣ್ಣು ನೋಡುವ ಯೋಚನೆಯನ್ನು ಕೈಬಿಡಬೇಕಾಗಿ ಪ್ರಾರ್ಥನೆ.

ಇಂತು ನಿನ್ನ ಅಣ್ಣ,
ಬೈರಪ್ಪ

ತಾ.ಕ.: ದಾಸಪ್ಪ, ಕನ್ನಡ ಓದಬಲ್ಲವನು ಆ ಮನೆಯಲ್ಲಿ ನೀನೊಬ್ಬನೇ. ಇದನ್ನು ನಿನ್ನ ತಾಯಿಗೆ ಓದಬೇಡ. ನಿದ್ದೆಯಲ್ಲಿ ಹಲ್ಲು ಕಡಿಯುವುದುಂಟೇ ಎಂದು ವೈದ್ಯರು ಕೇಳಿದಾಗ ನಾನು ಇಲ್ಲವೆಂದೆ. ಪಕ್ಕದಲ್ಲಿದ್ದ ನಿನ್ನ ಅತ್ತೆ, "ಸುಳ್ಳು ಸಾರ್. ಮಗ್ಳುನ್ನ ಕೊಡೋ ಮಾತು ಬಂದಾಗಿಂದ ಕಟಕಟ ಅಂತ ಕಡೀತವ್ರೆ, ಪಕ್ಕದಲ್ಲಿ ಮನಗಕ್ಕಾಗಲ್ಲ" ಎಂದಳು. ಕೀಲು ಕೆಡಲು ಅದೂ ಕಾರಣವಿರಬಹುದೆಂದರು ಅವರು. ಆ ದಿನ ಬಾಯಿಯನ್ನು ಬಿಗಿಹಿಡಿದದ್ದು ಕೀಲೋ ನಾನೋ, ನನಗೇ ತಿಳಿಯದು. ಮಗಳಿಲ್ಲದ ಮನೆಯನ್ನು ನೆನೆದರೆ ಇದನ್ನು ಬರೆಯುವಾಗಲೂ ಬಲದವಡೆ ಬಿಗಿಯುತ್ತಿದೆ. ಚೆಲ್ಲಮ್ಮನನ್ನು ಕೇಳಿದೆ. ನಿನ್ನನ್ನಲ್ಲದೆ ಒಲ್ಲೆನೆಂದಳು. ನಿನ್ನ ತಾಯಿಯನ್ನು ಕರೆದುಕೊಂಡು ಬಾ. ಬಾಯಿ ತೆರೆಯದಿದ್ದರೆ, ಕಟ್ಟಳೆ ಮುರಿದರೂ ಸರಿ, ವೀಳ್ಯವನ್ನು ಕೈನೀಡಿ ತೆಗೆದುಕೊಳ್ಳುತ್ತೇನೆ.